ಬೆಳ್ಳಿಗೆ ಹಿಡಿದ ಕಪ್ಪು

ಹಬ್ಬದ ಹಿಂದಿನ ದಿನ ನಮ್ಮ ಮನೆಗಳಲ್ಲಿ ನಡೆಯುವ ಕೆಲಸಗಳಲ್ಲಿ ಬೆಳ್ಳಿ ಬೆಳಗುವುದೂ ಒಂದು. ಪೆಟ್ಟಿಗೆಯ ತಳದಲ್ಲಿದ್ದ ದೀಪದ ಕಂಬಗಳು, ಪಂಚಪಾತ್ರೆ, ಉದ್ಧರಣೆ, ಪನ್ನೀರುದಾನಿ, ಅರಿಶಿನ ಕುಂಕುಮದ ಬಟ್ಟಲುಗಳು ಒಂದೊಂದಾಗಿ ಹೊರಕ್ಕೆ ಬರುತ್ತವೆ. ಕಳೆದ ಹಬ್ಬದಲ್ಲಿ ಬೆಳುದಿಂಗಳಂತೆ ಹೊಳೆದಿದ್ದ ಪದಾರ್ಥಗಳು ಈಗ ಕೆಲವು ಹಳದಿ, ಕೆಲವು ಕಂದು, ಕೆಲವಂತೂ ಕಾಡಿಗೆಯ ಕಪ್ಪು. ಅವನ್ನು ಯಾರೂ ಮುಟ್ಟಿಲ್ಲ, ಪೆಟ್ಟಿಗೆಗೆ ಬೀಗ ಹಾಕಿತ್ತು, ನೀರು ತಗುಲಿಲ್ಲ. ಆದರೂ ಕಪ್ಪು ಹಿಡಿದಿದೆ. ಮನೆಯ ಹೆಂಗಸರು ಇದಕ್ಕೆ ಆಶ್ಚರ್ಯಪಡುವುದಿಲ್ಲ. ವಿಭೂತಿಯನ್ನು ನುಣ್ಣಗೆ ಪುಡಿಮಾಡಿ, ಹಳೆಯ ಪಂಚೆಯ ತುಂಡೊಂದನ್ನು ಕೈಗೆತ್ತಿಕೊಂಡು ಉಜ್ಜಲು ಕುಳಿತುಬಿಡುತ್ತಾರೆ. ಗಳಿಗೆ ಹೊತ್ತಿನಲ್ಲಿ ಬಟ್ಟೆಯೆಲ್ಲ ಕಪ್ಪು, ಬೆಳ್ಳಿಯೆಲ್ಲ ಬಿಳುಪು. ಕೊಳೆ ಹೋಯಿತೆಂದು ಎಲ್ಲರಿಗೂ ಸಮಾಧಾನ.

ಹೋದದ್ದು ಕೊಳೆಯೆ? ಈ ಪ್ರಶ್ನೆ ನನಗೆ ಹುಟ್ಟಿದ್ದು ನನ್ನ ತಾಯಿಯ ತವರುಮನೆಯಲ್ಲಿ. ಅಲ್ಲಿನ ದೇವರ ಮನೆಯ ಬಾಗಿಲುವಾಡಕ್ಕೆ ಬೆಳ್ಳಿಯ ತಗಡು ಹೊದಿಸಿತ್ತು. ಎರಡು ಕಡೆಯ ನಿಲುವುಗಳಲ್ಲೂ ಬಳ್ಳಿ, ಎಲೆ, ಹೂವು, ನಡುನಡುವೆ ಗಿಳಿಗಳು. ಎಡಗಡೆಯ ನಿಲುವಿನ ಬುಡದಲ್ಲಿ ಅದನ್ನು ಮಾಡಿಸಿದ ಹಿರಿಯರ ಹೆಸರೂ ಸಂವತ್ಸರವೂ ಇದ್ದುವೆಂದು ಅಜ್ಜಿ ಹೇಳುತ್ತಿದ್ದರು. ಇದ್ದುವು ಎನ್ನುವುದಕ್ಕೆ ಅವರ ಮಾತೇ ಸಾಕ್ಷಿ. ನಾನು ನೋಡುವ ಕಾಲಕ್ಕೆ ಆ ಜಾಗ ಸವೆದ ನಾಣ್ಯದಂತೆ ನುಣ್ಣಗಾಗಿತ್ತು. ಮೂರು ತಲೆಮಾರಿನ ಹೆಂಗಸರು ಶುಕ್ರವಾರ ಶುಕ್ರವಾರವೂ ಅದನ್ನು ಭಕ್ತಿಯಿಂದ ಬೆಳಗಿದ್ದರು. ಮೇಲೆ, ಕೈಗೆ ಎಟುಕದ ಕಡೆ ಮಾತ್ರ ಎಲೆಯ ಒಂದೊಂದು ನರವೂ, ಗಿಳಿಯ ರೆಕ್ಕೆಯ ಒಂದೊಂದು ಗರಿಯೂ ಎದ್ದು ಕಾಣುತ್ತಿತ್ತು. ಅಲ್ಲಿ ಕಪ್ಪೂ ಇತ್ತು. ಕೆಳಗೆ ಹೊಳಪಿತ್ತು, ಹೆಸರಿರಲಿಲ್ಲ.

ಹಾಗಾದರೆ ಬೆಳ್ಳಿಗೆ ಕೇಡು ಬಗೆದದ್ದು ಯಾವುದು? ಕಪ್ಪೋ, ಕಪ್ಪನ್ನು ತೆಗೆದ ಕೈಯೋ? ಇದಕ್ಕೆ ಉತ್ತರ ಹುಡುಕಿಕೊಂಡು ಹೊರಟರೆ ಎರಡು ಸಾವಿರ ವರ್ಷಗಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಬೆಳ್ಳಿಯು ಕಪ್ಪಾಗುವ ಸಂಗತಿ ಪ್ರಾಚೀನರಿಗೆ ಚೆನ್ನಾಗಿ ಗೊತ್ತಿತ್ತು. ರೋಮಿನ ಹಿರಿಯ ಪ್ಲಿನಿ ಒಂದನೆಯ ಶತಮಾನದಲ್ಲಿ ಬರೆದ ಪ್ರಕೃತಿ ಚರಿತ್ರೆಯಲ್ಲಿ ಲೋಹಗಳಿಗಾಗಿ ದೊಡ್ಡ ಭಾಗವನ್ನೇ ಮೀಸಲಿಟ್ಟಿದ್ದಾನೆ. ಔಷಧಗುಣದ ಬುಗ್ಗೆಗಳ ನೀರಿನಿಂದ ಬೆಳ್ಳಿಯ ಬಣ್ಣ ಕೆಡುತ್ತದೆಂದೂ, ಬೇಯಿಸಿ ಗಟ್ಟಿಯಾದ ಕೋಳಿಮೊಟ್ಟೆಯ ಹಳದಿಯಿಂದ ಕಪ್ಪಾಗುತ್ತದೆಂದೂ, ಆ ಕಪ್ಪನ್ನು ಹುಳಿದ್ರಾಕ್ಷಾರಸ ಮತ್ತು ಸೀಮೆಸುಣ್ಣದಿಂದ ಉಜ್ಜಿ ತೆಗೆಯಬಹುದೆಂದೂ ಅವನು ಹೇಳುತ್ತಾನೆ. ಈಜಿಪ್ಟಿನವರು ಬೆಳ್ಳಿಗೆ ಬೇಕೆಂದೇ ಗಂಧಕ ಸೇರಿಸಿ ಅದನ್ನು ಕಪ್ಪು ಮಾಡುತ್ತಿದ್ದುದನ್ನೂ ಬರೆದಿದ್ದಾನೆ. ಬುಗ್ಗೆಯ ನೀರು, ಮೊಟ್ಟೆಯ ಹಳದಿ, ಗಂಧಕ, ಈ ಮೂರರ ನಂಟು ಏನೆಂಬುದು ಅವನಿಗೆ ತಿಳಿದಿರಲಿಲ್ಲ. ಆದರೆ ನೋಡಿದ್ದನ್ನು ಸರಿಯಾಗಿಯೇ ನೋಡಿದ್ದ. ಕ್ರಿ. ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಅದರ ಸಮೀಪದ ಕಡಲ ದಡದಲ್ಲಿ ಅವನು ಪ್ರಾಣಬಿಟ್ಟ.

ನಮ್ಮ ದೇಶದವರು ಈ ವಿಷಯದಲ್ಲಿ ಏನು ಹೇಳಿದ್ದಾರೆ? ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಬೆಳ್ಳಿಯ ಪರೀಕ್ಷೆಯ ಮಾತು ಬರುತ್ತದೆ. ಬಿಳುಪು, ನುಣುಪು, ಮೃದುತ್ವ ಇವು ಒಳ್ಳೆಯ ಬೆಳ್ಳಿಯ ಲಕ್ಷಣಗಳು; ಶುದ್ಧಮಾಡಿದ ಬೆಳ್ಳಿಗೆ ಮೊಸರಿನ ಬಣ್ಣವಿರಬೇಕು. ಇನ್ನು ಪಾತ್ರೆಗಳನ್ನು ಶುಚಿಮಾಡುವ ಕ್ರಮವನ್ನು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಕಾಣಬಹುದು. ಅಲ್ಲಿ ಒಂದು ಭೇದವನ್ನು ಮಾಡಿದೆ. ತಾಮ್ರ, ಕಬ್ಬಿಣ, ಕಂಚು, ಹಿತ್ತಾಳೆ, ತವರ, ಸೀಸ ಇವುಗಳಿಗೆ ಕ್ಷಾರ, ಹುಳಿ, ನೀರು ಮೂರನ್ನೂ ಯಥೋಚಿತವಾಗಿ ವಿಧಿಸಿದೆ. ಜಿಡ್ಡು ಅಂಟದ ಚಿನ್ನಕ್ಕೂ ಚಿತ್ತಾರವಿಲ್ಲದ ಬೆಳ್ಳಿಗೂ ಬರಿಯ ನೀರೇ ಸಾಕು. ಸ್ಮೃತಿಕಾರರ ಮನಸ್ಸಿನಲ್ಲಿದ್ದದ್ದು ಮಡಿಯ ವಿಚಾರ, ರಸಾಯನಶಾಸ್ತ್ರವಲ್ಲ. ಆದರೂ ಹಿತ್ತಾಳೆಗೆ ಮಾಡುವ ಉಪಚಾರ ಬೇರೆ, ಬೆಳ್ಳಿಗೆ ಮಾಡುವ ಉಪಚಾರ ಬೇರೆ ಎಂಬ ತಿಳಿವಳಿಕೆ ಅಲ್ಲಿದೆ. ನಮ್ಮ ಅಡಿಗೆಮನೆಗಳಲ್ಲಿ ಈ ಭೇದ ಮರೆತುಹೋಯಿತು. ಹಿತ್ತಾಳೆಯ ಕೊಡಕ್ಕೆ ಹಾಕಿದ ಹುಣಸೆಹಣ್ಣಿನಲ್ಲಿ ಮಿಕ್ಕದ್ದನ್ನು ಬೆಳ್ಳಿಯ ತಟ್ಟೆಗೂ ಬಳಿದು, ಮೇಲೆ ಒಂದು ಹಿಡಿ ರಂಗೋಲಿಪುಡಿ ಹಾಕಿ ತಿಕ್ಕುವವರನ್ನು ನಾವೆಲ್ಲ ನೋಡಿದ್ದೇವೆ.

ಈಗ ಕಪ್ಪಿನ ಗುಟ್ಟಿಗೆ ಬರೋಣ. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಆಮ್ಲಜನಕ ಸಾಮಾನ್ಯವಾದ ಗಾಳಿಯಲ್ಲಿ ಬೆಳ್ಳಿಯನ್ನು ತಾನಾಗಿ ಏನೂ ಮಾಡಲಾರದು. ಬೆಳ್ಳಿಯ ವೈರಿ ಗಂಧಕ. ಮುಖ್ಯವಾಗಿ ಗಂಧಕವೂ ಜಲಜನಕವೂ ಕೂಡಿದ ಹೈಡ್ರೊಜನ್ ಸಲ್ಫೈಡ್ ಎಂಬ ಅನಿಲ. ಕೊಳೆತ ಮೊಟ್ಟೆಯ ನಾತ ಇದರದೇ. ಸ್ವೀಡನ್ನಿನ ಷೀಲೆ ಎಂಬ ರಸಾಯನಜ್ಞ 1777ರಲ್ಲಿ ಇದರ ಗುಣಗಳನ್ನು ವಿವರಿಸಿದ. ಚರಂಡಿ, ಕೊಳೆಯುವ ಕಸ, ಕೆಸರು, ಉರಿಯುವ ಕಲ್ಲಿದ್ದಲು, ಬಿಸಿನೀರಿನ ಬುಗ್ಗೆ ಇವುಗಳಿಂದ ಇದು ಗಾಳಿಗೆ ಸೇರುತ್ತದೆ. ನೂರು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲಿಗಿಂತ ಕಡಮೆ ಇದ್ದರೂ ಸಾಕು, ಬೆಳ್ಳಿಗೆ ಅದು ಗೊತ್ತಾಗುತ್ತದೆ. ನಮ್ಮ ಮೂಗಿಗೆ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ತೇವವಿದ್ದರೆ ಕೆಲಸ ಇನ್ನೂ ಬೇಗ ನಡೆಯುತ್ತದೆ. ಬೆಳ್ಳಿಯ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಎಂಬ ತೆಳ್ಳನೆಯ ಪೊರೆ ಕಟ್ಟುತ್ತದೆ. ಪೊರೆ ಅತಿ ತೆಳುವಾಗಿರುವಾಗ ಹೊಂಬಣ್ಣ. ದಪ್ಪವಾಗುತ್ತ ಬಂದಂತೆ ಕಂದು, ನೀಲಿ, ಕೊನೆಗೆ ಕಪ್ಪು. ನೀರಿನ ಮೇಲೆ ಎಣ್ಣೆ ಹರಡಿದಾಗ ಬಣ್ಣಗಳು ಕಾಣುವಂತೆಯೇ ಮೊದಮೊದಲಿನ ಈ ಬಣ್ಣಗಳೂ ಬೆಳಕಿನ ಆಟ.

ಇಲ್ಲಿ ಗಮನಿಸಬೇಕಾದ ಒಂದು ಲೆಕ್ಕವುಂಟು. ಆ ಕಪ್ಪು ವಸ್ತುವಿನ ತೂಕದಲ್ಲಿ ಗಂಧಕವಿರುವುದು ನೂರಕ್ಕೆ ಹದಿಮೂರು ಪಾಲು. ಉಳಿದ 87 ಪಾಲೂ ಬೆಳ್ಳಿ! ವಿಭೂತಿ ಹಚ್ಚಿ ಉಜ್ಜಿದಾಗ ಬಟ್ಟೆಗೆ ಅಂಟಿದ ಕಪ್ಪು ಹೊರಗಿನಿಂದ ಬಂದು ಕೂತ ಕೊಳೆಯಲ್ಲ. ಅದು ಪಾತ್ರೆಯ ಮೈಯೇ. ಬಟ್ಟೆಯನ್ನು ಒಗೆದು ನೀರು ಚೆಲ್ಲಿದಾಗ ನಾವು ಚೆಲ್ಲುವುದು ಬೆಳ್ಳಿಯನ್ನು. ಒಂದು ಸಲಕ್ಕೆ ಹೋಗುವುದು ಅತ್ಯಲ್ಪ, ತಕ್ಕಡಿಗೂ ಸಿಗದು. ಆದರೆ ವರ್ಷಕ್ಕೆ ಐವತ್ತೆರಡು ಶುಕ್ರವಾರಗಳು. ಮೂರು ತಲೆಮಾರಿಗೆ ಎಷ್ಟಾಯಿತೆಂದು ನೀವೇ ಎಣಿಸಬಹುದು. ಒರಟು ಪುಡಿ ಬಳಸಿದರಂತೂ ಕಪ್ಪಿನ ಜೊತೆಗೆ ಕಪ್ಪಾಗದ ಬೆಳ್ಳಿಯೂ ಕಿತ್ತುಬರುತ್ತದೆ. ಕಪ್ಪು ತಾನಾಗಿ ಬೆಳ್ಳಿಯನ್ನು ಆಳಕ್ಕೆ ತಿನ್ನುವುದಿಲ್ಲ. ಪೊರೆ ದಪ್ಪವಾದಷ್ಟೂ ಅದರ ಬೆಳವಣಿಗೆ ನಿಧಾನವಾಗುತ್ತದೆ. ತೆಗೆದುಹಾಕಿದ ಕೂಡಲೆ ಹೊಸ ಬೆಳ್ಳಿ ಗಾಳಿಗೆ ಮೈಯೊಡ್ಡಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ.

ಹಳೆಯ ಬೆಳ್ಳಿಯ ಮನೆಸಾಮಾನು ಉಳಿದು ಬಂದ ಕಥೆಯಲ್ಲಿ ಕಪ್ಪಿಗಿಂತ ದೊಡ್ಡ ಗಂಡಾಂತರಗಳೂ ಇದ್ದುವು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆ ವೆರ್ಸೇಲ್ಸ್ ಅರಮನೆಯಲ್ಲಿ ಮೇಜು, ದೀಪದ ಕಂಬ, ಹೂಕುಂಡಗಳನ್ನೆಲ್ಲ ಬೆಳ್ಳಿಯಿಂದಲೇ ಮಾಡಿಸಿ ಕನ್ನಡಿಯ ಹಜಾರವನ್ನು ತುಂಬಿದ್ದ. 1689ರಲ್ಲಿ ಯುದ್ಧದ ಖರ್ಚಿಗೆ ಹಣ ಸಾಲದೆ ಅವನ್ನೆಲ್ಲ ಟಂಕಸಾಲೆಗೆ ಕಳುಹಿಸಿ ಕರಗಿಸಿದ. ಬೆಳ್ಳಿಯ ಸಾಮಾನು ಎಂದರೆ ಆ ಕಾಲದಲ್ಲಿ ಆಪತ್ತಿಗಾದ ಹಣ. ನಮ್ಮ ಮನೆಗಳಲ್ಲಿ ಈಗಲೂ ಹಾಗೆಯೇ ಅಲ್ಲವೆ? ಇಂಗ್ಲೆಂಡಿನ ಕೆಂಟ್ ಪ್ರಾಂತದ ನೋಲ್ ಎಂಬ ದೊಡ್ಡ ಮನೆಯಲ್ಲಿ ಅದೇ ಶತಮಾನದ ಬೆಳ್ಳಿಯ ಮೇಜು, ಕನ್ನಡಿ, ಎರಡು ದೀಪದ ಕಂಬಗಳು ಉಳಿದುಕೊಂಡಿವೆ. ಅಂಥವು ಎಲ್ಲೆಲ್ಲೂ ಕರಗಿಹೋದುದರಿಂದಲೇ ಇವಕ್ಕೆ ಅಷ್ಟು ಬೆಲೆ. ಗೋಡೆಗೆ ಜಡಿದ ಬೆಳ್ಳಿಯ ದೀಪದ ಹಲಗೆಗಳೂ ಆ ಕಾಲದ ಸಿರಿವಂತರ ಮನೆಗಳಲ್ಲಿದ್ದುವು. ಹಿಂದಿನ ನಯವಾದ ಹಲಗೆ ಮೇಣದ ಬತ್ತಿಯ ಬೆಳಕನ್ನು ಕೋಣೆಯ ಕಡೆಗೆ ತಿರುಗಿಸುತ್ತಿತ್ತು. ಅವು ಬರಿಯ ಆಡಂಬರವಲ್ಲ. ಕಪ್ಪಾದರೆ ಕೋಣೆಯೇ ಮಂಕು. ಆದ್ದರಿಂದ ಅವನ್ನು ಬಿಡದೆ ಬೆಳಗಬೇಕಾಗಿತ್ತು.

ಇಂಗ್ಲೆಂಡಿನಲ್ಲಿ ಬೆಳ್ಳಿಯ ಶುದ್ಧತೆಗೆ ಬಹು ಹಿಂದೆಯೇ ಕಟ್ಟಳೆಯಾಗಿತ್ತು. ಒಂದನೆಯ ಎಡ್ವರ್ಡನ ಕಾಲದಲ್ಲಿ, 1300ರಲ್ಲಿ, ಸಾವಿರಕ್ಕೆ 925 ಪಾಲು ಬೆಳ್ಳಿಯಿರಬೇಕೆಂದು ಕಾನೂನು ಮಾಡಿ ಚಿರತೆಯ ಮುಖದ ಮುದ್ರೆ ಒತ್ತುವ ಪದ್ಧತಿ ಆರಂಭಿಸಿದರು. ಮಿಕ್ಕ 75 ಪಾಲು ಸಾಮಾನ್ಯವಾಗಿ ತಾಮ್ರ. ಅಪ್ಪಟ ಬೆಳ್ಳಿ ಬಲು ಮೆತು. ತಾಮ್ರ ಬೆರೆಸಿದರೆ ಗಟ್ಟಿ. ಆದರೆ ತಾಮ್ರವೂ ಗಂಧಕಕ್ಕೆ ಸೋಲುವ ಲೋಹವೇ. ಬೆರಕೆ ಹೆಚ್ಚಿದಷ್ಟೂ ಕಪ್ಪು ಬೇಗ.

1740ರ ದಶಕದಲ್ಲಿ ಷೆಫೀಲ್ಡ್ ಪಟ್ಟಣದ ಥಾಮಸ್ ಬೋಲ್ಸೋವರ್ ಎಂಬ ಕುಶಲಕರ್ಮಿ ತಾಮ್ರದ ಗಟ್ಟಿಗೆ ಬೆಳ್ಳಿಯ ಹಾಳೆಯನ್ನು ಕಾಯಿಸಿ ಬೆಸೆದು ಒಟ್ಟಿಗೆ ತಗಡು ಮಾಡುವ ಉಪಾಯ ಕಂಡುಹಿಡಿದ. ಬೆಳ್ಳಿಯ ನೋಟ ಕಡಮೆ ಬೆಲೆಗೆ ದೊರೆಯಿತು. ಇದರ ಮುಂದಿನ ಹೆಜ್ಜೆ 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ಪೇಟೆಂಟು ಪಡೆದ ವಿದ್ಯುತ್ತಿನ ಮುಲಾಮು. ಅಂದಿನಿಂದ ಬಾಗಿಲ ಹಿಡಿ, ದೀಪದ ಕಂಬ, ಊಟದ ಸಾಮಾನು ಎಲ್ಲಕ್ಕೂ ಬೆಳ್ಳಿಯ ಹೊದಿಕೆ ಬಂತು. ಮಧ್ಯಮ ತರಗತಿಯವರ ಮನೆಯೂ ಬೆಳ್ಳಗಾಯಿತು. ಆದರೆ ಹೊದಿಕೆಗೆ ಆಯುಸ್ಸೆಂಬುದಿದೆ. ಬೆಳಗುವ ಉತ್ಸಾಹದಲ್ಲಿ ಮೊದಲು ಅಂಚುಗಳಲ್ಲಿ, ಆಮೇಲೆ ಉಬ್ಬಿದ ಹೂಗಳ ತುದಿಯಲ್ಲಿ ಒಳಗಿನ ತಾಮ್ರ ಕೆಂಪಗೆ ಇಣುಕುತ್ತಿತ್ತು. ಹಳೆಯ ಷೆಫೀಲ್ಡ್ ಸಾಮಾನುಗಳಲ್ಲಿ ಈ ಕೆಂಪನ್ನು ಇಂದಿಗೂ ಕಾಣಬಹುದು. ಅದು ಕಾಲದ ಗುರುತು ಎನ್ನುವುದಕ್ಕಿಂತ ಪರಿಚಾರಕರ ಬೆರಳುಗಳ ಗುರುತು ಎನ್ನಬೇಕು.

ಆ ಬೆರಳುಗಳ ಕಥೆಯೂ ಕರುಣಾಜನಕವಾದದ್ದೆ. ದೊಡ್ಡ ಮನೆಗಳಲ್ಲಿ ಬೆಳ್ಳಿ ಬೆಳಗುವುದಕ್ಕೇ ಆಳುಗಳಿದ್ದರು. ಕಬ್ಬಿಣದಿಂದ ತಯಾರಾದ ಕೆಂಪು ಪುಡಿಯನ್ನು ಬರಿಗೈಯಿಂದ ಉಜ್ಜಬೇಕು. ಮೊದಲು ಬೆರಳುಗಳಲ್ಲಿ ಬೊಬ್ಬೆ ಎದ್ದು ಒಡೆಯುತ್ತಿತ್ತು, ಆಮೇಲೆ ಚರ್ಮ ಜಡ್ಡುಗಟ್ಟುತ್ತಿತ್ತು. ಅಂಗಡಿಯಲ್ಲಿ ಮಾರುತ್ತಿದ್ದ ಕೆಲವು ಪುಡಿಗಳಿಗೆ ಪಾದರಸ ಬೆರೆಸುತ್ತಿದ್ದರು. ಅದು ಬೆಳ್ಳಿಯ ಮೇಲೆ ಹತ್ತಿ ಕ್ಷಣದಲ್ಲಿ ಕಣ್ಣು ಕೋರೈಸುವ ಹೊಳಪು ಕೊಡುತ್ತಿತ್ತು. ಬೆಳ್ಳಿಗೂ ಕೇಡು, ಉಜ್ಜಿದವನಿಗೂ ವಿಷ. 1861ರಲ್ಲಿ ಪುಸ್ತಕವಾಗಿ ಹೊರಬಂದ ಶ್ರೀಮತಿ ಬೀಟನ್ನರ ಗೃಹಕೃತ್ಯದ ಗ್ರಂಥದಲ್ಲಿ ಹಾಲು ಮತ್ತು ಜಿಂಕೆಯ ಕೊಂಬಿನ ಪುಡಿಯಲ್ಲಿ ಕುದಿಸಿ ಒಣಗಿಸಿದ ಬಟ್ಟೆಯಿಂದ ದಿನವೂ ಬೆಳ್ಳಿಯನ್ನು ಒರಸುವ ವಿಧಾನ ಹೇಳಿದೆ. ದಿನಕ್ಕೊಂದಿಷ್ಟು ಮೆಲ್ಲನೆ ಒರಸಿದರೆ ವಾರಕ್ಕೊಮ್ಮೆ ತಿಕ್ಕುವ ಪ್ರಮೇಯ ಬರುವುದಿಲ್ಲ ಎಂಬ ವಿವೇಕ ಅದರಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಉಜ್ಜುವ ಕೆಲಸ ಅಷ್ಟೊಂದು ಹೆಚ್ಚಿದ್ದಕ್ಕೆ ಬಲವಾದ ಕಾರಣವಿತ್ತು. 1812ರಲ್ಲಿ ಲಂಡನ್ನಿನಲ್ಲಿ ಅನಿಲದೀಪದ ಕಂಪೆನಿ ಸ್ಥಾಪನೆಯಾಯಿತು. ಕಲ್ಲಿದ್ದಲನ್ನು ಕಾಯಿಸಿ ತೆಗೆದ ಅನಿಲ ಕೊಳವೆಗಳಲ್ಲಿ ಹರಿದು ಬೀದಿಗಳಿಗೂ ಮುಂದೆ ಮನೆಗಳಿಗೂ ಬಂತು. ಸುಣ್ಣದಿಂದ ಎಷ್ಟು ಶುದ್ಧಿಮಾಡಿದರೂ ಅದರಲ್ಲಿ ಗಂಧಕದ ಅಂಶ ಉಳಿಯುತ್ತಿತ್ತು. ಜೊತೆಗೆ ಒಂದೊಂದು ಕೋಣೆಯಲ್ಲೂ ಕಲ್ಲಿದ್ದಲಿನ ಒಲೆ, ಊರಿಗೆಲ್ಲ ಕವಿದ ಹೊಗೆ. ಬೆಳ್ಳಿಯನ್ನು ಹೊಳೆಯಿಸಿ ತೋರಿಸಬೇಕೆಂದು ಹಚ್ಚಿದ ದೀಪವೇ ಬೆಳ್ಳಿಯನ್ನು ಕಪ್ಪು ಮಾಡುತ್ತಿತ್ತು.

ನಮ್ಮ ನಾಡಿನ ಬೆಳ್ಳಿಗೆ ಬೇರೆಯ ಚರಿತ್ರೆ. ಭಾರತದಲ್ಲಿ ಬೆಳ್ಳಿಯ ಗಣಿಗಳು ವಿರಳ. ಹೊರದೇಶಗಳಿಂದ ವ್ಯಾಪಾರದ ಮೂಲಕ ಬಂದ ಬೆಳ್ಳಿ ನಾಣ್ಯವಾಗಿ, ನಾಣ್ಯ ಅಕ್ಕಸಾಲಿಯ ಮೂಸೆ ಸೇರಿ ದೀಪ ತಟ್ಟೆಗಳಾಯಿತು. 1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೈನು, ಎಂದರೆ ಒಂದು ತೊಲ; ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಬೆಳ್ಳಿ. ಹಿರಿಯರು ಬೆಳ್ಳಿಯ ಸಾಮಾನನ್ನು ಇಂತಿಷ್ಟು ರೂಪಾಯಿ ತೂಕ ಎಂದು ಹೇಳುತ್ತಿದ್ದುದು ಇದರಿಂದಲೇ. 1940ರಲ್ಲಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರಲ್ಲಿ ಬೆಳ್ಳಿಯೇ ಹೋಗಿ ನಿಕಲ್ ಬಂತು. ಹಳೆಯ ರೂಪಾಯಿಯನ್ನು ಕರಗಿಸಿ ಮಾಡಿದ ದೀಪಕ್ಕೂ ಆಮೇಲಿನ ರೂಪಾಯಿಯನ್ನು ಕರಗಿಸಿ ಮಾಡಿದ ದೀಪಕ್ಕೂ ಕಪ್ಪಾಗುವುದರಲ್ಲಿ ವ್ಯತ್ಯಾಸವಿದ್ದರೆ ಆಶ್ಚರ್ಯವಿಲ್ಲ. ರೂಪಾಯಿಯಿಂದ ಬೆಳ್ಳಿಯ ಸಾಮಾನಾದುದಕ್ಕೆ ದೊಡ್ಡ ನಿದರ್ಶನ ಜಯಪುರದ ನಗರದ ಅರಮನೆಯಲ್ಲಿದೆ. ಮಹಾರಾಜ ಎರಡನೆಯ ಮಾಧೋಸಿಂಗರು 1902ರಲ್ಲಿ ಇಂಗ್ಲೆಂಡಿಗೆ ಹೋದಾಗ ಗಂಗಾಜಲವನ್ನು ಕೊಂಡೊಯ್ದ ಆ ಕೊಪ್ಪರಿಗೆಗಳು ತಲಾ 14,000 ನಾಣ್ಯಗಳನ್ನು ಕರಗಿಸಿ ಮಾಡಿದವು. ಒಂದೊಂದರ ತೂಕ 345 ಕಿಲೋಗ್ರಾಂ.

ಬೆಳ್ಳಿಯನ್ನು ಮನೆಗೆ ಜಡಿಯುವುದು ನಮ್ಮಲ್ಲಿ ಹೆಚ್ಚಾಗಿ ದೇವರ ಸನ್ನಿಧಿಯಲ್ಲಿ ಮತ್ತು ಅರಮನೆಗಳಲ್ಲಿ. ಉಡುಪಿಯ ಕೃಷ್ಣಮಠದಲ್ಲಿ ಭಕ್ತರು ದೇವರನ್ನು ಕಾಣುವ ಒಂಬತ್ತು ಕಂಡಿಗಳ ಕಿಟಕಿಗೆ ಬೆಳ್ಳಿ ಹೊದಿಸಿದೆ. ಮೈಸೂರಿನ ಅರಮನೆಯಲ್ಲಿ ಬೆಳ್ಳಿಯ ಬಾಗಿಲುಗಳಿವೆ. ಅನೇಕ ದೇವಾಲಯಗಳ ಗರ್ಭಗುಡಿಯ ದ್ವಾರಕ್ಕೂ, ಹಳೆಯ ಮನೆಗಳ ಮಂಟಪಕ್ಕೂ ಇದೇ ಕೆಲಸ. ಮರದ ಮೇಲೆ ಬೆಳ್ಳಿಯ ತಗಡನ್ನು ಬಡಿದು ಚಿತ್ತಾರ ಎಬ್ಬಿಸಿ ಸಣ್ಣ ಮೊಳೆಗಳಿಂದ ಕೂಡಿಸುತ್ತಾರೆ. ತಗಡು ಕಾಗದದಷ್ಟೇ ತೆಳುವಾಗಿರುವುದೂ ಉಂಟು. ಉಜ್ಜಿದಾಗ ಮೊದಲು ಸವೆಯುವುದು ಉಬ್ಬಿದ ಭಾಗ. ದೇವತೆಯ ಮೂಗು, ಹೂವಿನ ದಳ, ಅಕ್ಷರದ ಅಂಚು ಹೀಗೆ ಒಂದೊಂದಾಗಿ ಮಾಯವಾಗುತ್ತವೆ. ಕೊನೆಗೆ ತಗಡೇ ತೂತು ಬಿದ್ದು ಮರ ಕಾಣುತ್ತದೆ.

ಕಪ್ಪನ್ನು ಕಂಡು ಹೆದರದೆ ಅದನ್ನೇ ಅಲಂಕಾರಕ್ಕೆ ಬಳಸಿದವರೂ ನಮ್ಮಲ್ಲೇ ಇದ್ದಾರೆ. ಬೀದರಿನ ಕುಶಲಕರ್ಮಿಗಳು ಹೆಚ್ಚು ಸತುವಿಗೆ ಅಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅದರಲ್ಲಿ ಗೆರೆ ಕೊರೆದು ಬೆಳ್ಳಿಯ ತಂತಿಯನ್ನೋ ತಗಡನ್ನೋ ಕೂಡಿಸುತ್ತಾರೆ. ಆಮೇಲೆ ಬೀದರಿನ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ದ್ರಾವಣದಲ್ಲಿ ಉಪಚರಿಸಿದಾಗ ಸತುವಿನ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬಿದರಿಯ ಹುಕ್ಕಾ ಬುರುಡೆಯನ್ನೋ ಹೂದಾನಿಯನ್ನೋ ಮನೆಯಲ್ಲಿ ಇಟ್ಟುಕೊಂಡವರು ಒಂದು ಮಾತನ್ನು ನೆನಪಿಡಬೇಕು. ಅದಕ್ಕೆ ಹುಣಸೆಹಣ್ಣನ್ನಾಗಲಿ ಬೆಳ್ಳಿಯ ಪಾಲಿಷನ್ನಾಗಲಿ ಹಚ್ಚಿದರೆ ಆ ಕಪ್ಪೇ ಹೋಗಿಬಿಡುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಎರಡು ಹನಿ ಎಣ್ಣೆ ಹಾಕಿ ಒರಸುವುದೇ ಅದಕ್ಕೆ ತಕ್ಕ ಉಪಚಾರ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯಕ್ಕೆ ವಿಜ್ಞಾನದ ಕಣ್ಣು ಬಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನ ವಸ್ತುಗಳನ್ನು ಬಾಂಬಿನ ಭಯದಿಂದ ನೆಲದಡಿಯ ಸುರಂಗಗಳಲ್ಲಿ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ತೆರೆದು ನೋಡಿದರೆ ತೇವದಿಂದ ಅನೇಕ ವಸ್ತುಗಳು ಕೆಟ್ಟಿದ್ದುವು. ಇದರ ಫಲವಾಗಿ 1920ರಲ್ಲಿ ಅಲೆಕ್ಸಾಂಡರ್ ಸ್ಕಾಟ್ ಎಂಬ ರಸಾಯನಜ್ಞರ ಕೈಕೆಳಗೆ ಅಲ್ಲಿ ಒಂದು ಪ್ರಯೋಗಶಾಲೆ ಹುಟ್ಟಿತು. 1924ರಲ್ಲಿ ಅಲ್ಲಿಗೆ ಸೇರಿದ ಹೆರಾಲ್ಡ್ ಪ್ಲೆಂಡರ್ಲೀತರು ತಮ್ಮ ಅನುಭವವನ್ನೆಲ್ಲ 1956ರಲ್ಲಿ ಪುಸ್ತಕವಾಗಿ ಹೊರತಂದರು. ಪ್ರಾಚ್ಯವಸ್ತುಗಳ ರಕ್ಷಣೆಯ ವಿದ್ಯೆಗೆ ಅದು ಬಹುಕಾಲ ಕೈಪಿಡಿಯಾಗಿತ್ತು.

ಇನ್ನೊಂದು ಸಂಗತಿ ಹೆಚ್ಚು ಸ್ವಾರಸ್ಯವಾದದ್ದು. ಬೀಗ ಹಾಕಿದ ಗಾಜಿನ ಪೆಟ್ಟಿಗೆಯ ಒಳಗೂ ಲೋಹದ ವಸ್ತುಗಳು ಕೆಡುವುದೇಕೆ? ಅದೇ ಮ್ಯೂಸಿಯಮ್ಮಿನ ಆಂಡ್ರೂ ಆಡಿ ಎಂಬ ವಿಜ್ಞಾನಿ 1973ರಲ್ಲಿ ಇದರ ಪರೀಕ್ಷೆಯನ್ನು ಪ್ರಕಟಿಸಿದರು. ಪೆಟ್ಟಿಗೆಗೆ ಬಳಸುವ ಬಟ್ಟೆ, ಅಂಟು, ಮರ, ಬಣ್ಣ ಇವುಗಳಲ್ಲಿ ಒಂದು ಚೂರನ್ನು ಬೆಳ್ಳಿ, ತಾಮ್ರ, ಸೀಸದ ತುಣುಕುಗಳೊಡನೆ ತೇವವಿರುವ ಸೀಸೆಯಲ್ಲಿ ಬಿಗಿಯಾಗಿ ಮುಚ್ಚಿ, 60 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 28 ದಿನ ಇಡುವುದು. ಲೋಹ ಕೆಟ್ಟರೆ ಆ ಬಟ್ಟೆಯೋ ಅಂಟೋ ದೋಷಿ. ಕಳ್ಳ ಹೊರಗಿನವನಲ್ಲ, ಒಳಗಿನವನೇ ಎಂಬುದು ಇದರಿಂದ ಹೊರಬಿತ್ತು. ಉಣ್ಣೆಯಲ್ಲಿ ಸಹಜವಾಗಿಯೇ ಗಂಧಕವಿದೆ. ರಬ್ಬರನ್ನು ಹದಮಾಡುವುದೇ ಗಂಧಕದಿಂದ. ಬೆಳ್ಳಿಯ ತಟ್ಟೆಯನ್ನು ಉಣ್ಣೆಯ ಶಾಲಿನಲ್ಲಿ ಸುತ್ತಿ, ಮೇಲೆ ರಬ್ಬರ್ ಬ್ಯಾಂಡು ಬಿಗಿದು ಪೆಟ್ಟಿಗೆಯಲ್ಲಿಟ್ಟರೆ ಕಪ್ಪನ್ನು ನಾವೇ ಕರೆದು ಕೂರಿಸಿದಂತೆ. ರಬ್ಬರ್ ಬ್ಯಾಂಡಿನ ಗುರುತು ತಟ್ಟೆಯ ಸುತ್ತ ಕಪ್ಪು ದಾರದಂತೆ ಮೂಡುವುದನ್ನು ಅನೇಕರು ಕಂಡಿರಬಹುದು.

ಮ್ಯೂಸಿಯಮ್ಮುಗಳಲ್ಲಿ ಬೆಳ್ಳಿಗೆ ಪಾರದರ್ಶಕವಾದ ಮೆರುಗೆಣ್ಣೆ ಬಳಿಯುವ ಪದ್ಧತಿಯೂ ಉಂಟು. ಗೋಡೆಗೆ ಜಡಿದ, ಯಾರೂ ಮುಟ್ಟದ ಸಾಮಾನಿಗೆ ಇದು ಒಳ್ಳೆಯ ಕವಚ. ಆದರೆ ಎಲ್ಲಿಯಾದರೂ ಒಂದು ಕೂದಲೆಳೆಯಷ್ಟು ಬಿಟ್ಟುಹೋದರೂ ಗಂಧಕ ಅಲ್ಲೇ ನುಗ್ಗಿ ಕಪ್ಪು ಗೆರೆ ಎಳೆಯುತ್ತದೆ. ವರ್ಷಗಳು ಕಳೆದಂತೆ ಮೆರುಗೆಣ್ಣೆ ಹಳದಿಯಾಗಿ ಸಿಪ್ಪೆ ಏಳುವುದೂ ಇದೆ. ಆಗ ಅದನ್ನು ತೆಗೆದು ಮತ್ತೆ ಬಳಿಯಬೇಕು. ಇದು ಬಲ್ಲವರು ಮಾಡುವ ಕೆಲಸ. ಬೆಂಕಿಯ ಬಿಸಿ ತಾಗುವ ದೀಪಕ್ಕೂ ಊಟದ ತಟ್ಟೆಗೂ ಅದು ಸಲ್ಲದು.

ಅಲ್ಯುಮಿನಿಯಂ ತಗಡನ್ನು ಹಾಸಿದ ಬಿಸಿನೀರಿಗೆ ಒಗೆಯುವ ಸೋಡ ಹಾಕಿ ಬೆಳ್ಳಿಯನ್ನು ಅದ್ದುವ ಉಪಾಯ ಅನೇಕರಿಗೆ ಗೊತ್ತಿದೆ. ಇಲ್ಲಿ ನಡೆಯುವುದು ಸಣ್ಣದೊಂದು ವಿದ್ಯುತ್ ಕ್ರಿಯೆ. ಕಪ್ಪಿನಲ್ಲಿದ್ದ ಗಂಧಕ ಬೇರ್ಪಟ್ಟು ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ; ಉಜ್ಜಿದಷ್ಟು ನಷ್ಟವಿಲ್ಲ. ನಯವಾದ, ಗಟ್ಟಿಯಾದ, ಈಚಿನ ಸಾಮಾನಿಗೆ ಇದು ಆಗಬಹುದು. ಹಳೆಯ ಚಿತ್ತಾರದ ಬೆಳ್ಳಿಗೆ ಮಾತ್ರ ಬೇಡ. ಕೆಲಸಗಾರ ಬೇಕೆಂದೇ ಗೆರೆಗಳ ಆಳದಲ್ಲಿ ಬಿಟ್ಟ ಕಪ್ಪೂ ಹೋಗಿ ಚಿತ್ರ ಸಪ್ಪೆಯಾಗುತ್ತದೆ. ಒಳಗೆ ಅರಗು ತುಂಬಿದ ಹಿಡಿಗಳು ಬಿಸಿನೀರಿನಲ್ಲಿ ಸಡಿಲವಾಗುತ್ತವೆ.

ಇಷ್ಟು ಚರಿತ್ರೆಯಿಂದ ನಮ್ಮ ಮನೆಗೆ ಬರುವ ಪಾಠವೇನು? ಮೊದಲನೆಯದು, ಸಾಮಾನಿನ ಜಾತಿ ತಿಳಿಯಬೇಕು. ತಳದಲ್ಲಿ ಇ. ಪಿ. ಎನ್. ಎಸ್. ಎಂಬ ಅಕ್ಷರಗಳಿದ್ದರೆ ಅದಕ್ಕಿರುವುದು ಬೆಳ್ಳಿಯ ತೆಳು ಹೊದಿಕೆ ಮಾತ್ರ. ಉಜ್ಜಿದರೆ ಬೇಗ ಮುಗಿಯುತ್ತದೆ. ಜರ್ಮನ್ ಸಿಲ್ವರಿನಲ್ಲಿ ಹೆಸರು ಬಿಟ್ಟರೆ ಬೆಳ್ಳಿಯೇ ಇಲ್ಲ; ಅದು ತಾಮ್ರ, ನಿಕಲ್, ಸತುವಿನ ಬೆರಕೆ. ಎರಡನೆಯದು, ಬೆಳ್ಳಿಯನ್ನು ಬಳಸಿದ ದಿನವೇ ಹದವಾದ ಬೆಚ್ಚನೆಯ ನೀರು, ಒಂದಿಷ್ಟು ಮೆದು ಸಾಬೂನಿನಲ್ಲಿ ತೊಳೆದು ಆಗಲೇ ಒರಸಿ ಒಣಗಿಸಬೇಕು. ಎಣ್ಣೆ, ಕುಂಕುಮ, ಉಪ್ಪು, ಬೆವರು ಇವು ರಾತ್ರಿಯೆಲ್ಲ ಅದರ ಮೇಲೆ ಉಳಿಯಬಾರದು. ಮೂರನೆಯದು, ತೊಳೆದು ಮೆದುವಾದ, ಗಂಜಿಯಿಲ್ಲದ ಹತ್ತಿಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ಲಿನ ಪೊಟ್ಟಣವನ್ನೋ ನಾಲ್ಕು ಸೀಮೆಸುಣ್ಣದ ಕಡ್ಡಿಗಳನ್ನೋ ಇಟ್ಟು ಮುಚ್ಚಬೇಕು. ಉಣ್ಣೆ, ರಬ್ಬರು, ವೃತ್ತಪತ್ರಿಕೆ ಹತ್ತಿರ ಬರಬಾರದು. ಬೆಳ್ಳಿಯ ಸೂಕ್ಷ್ಮ ಕಣಗಳನ್ನು ನೇಯ್ಗೆಯಲ್ಲಿ ಸೇರಿಸಿದ ಬಟ್ಟೆಗಳೂ ಮಾರಾಟಕ್ಕಿವೆ. ಗಂಧಕವನ್ನು ಮೊದಲು ಆ ಕಣಗಳು ಹಿಡಿದುಕೊಂಡು ಒಳಗಿನ ಸಾಮಾನನ್ನು ಕಾಯುತ್ತವೆ.

ಬಾಗಿಲುವಾಡ, ಮಂಟಪ, ಗೋಡೆಯ ದೀಪ ಇವನ್ನು ಡಬ್ಬಿಯಲ್ಲಿ ಮುಚ್ಚಿಡುವಂತಿಲ್ಲ. ಅವಕ್ಕೆ ದಿನವೂ ಮೆತ್ತನೆಯ ಒಣ ಬಟ್ಟೆಯಿಂದ ಧೂಳು ತೆಗೆಯುವುದೇ ಮುಖ್ಯ. ನೀರು ಸುರಿಯಬಾರದು, ತಗಡಿನ ಹಿಂದೆ ಇಳಿದ ನೀರು ಮರವನ್ನು ಕೊಳೆಸಿ ಕಬ್ಬಿಣದ ಮೊಳೆಗೆ ತುಕ್ಕು ಹಿಡಿಸುತ್ತದೆ. ವಿಭೂತಿ, ಪಾಲಿಷಿನ ಪುಡಿ ಚಿತ್ತಾರದ ಸಂದುಗಳಲ್ಲಿ ಬಿಳಿಯ ಗಾರೆಯಂತೆ ಕಟ್ಟಿಕೊಂಡರೆ ಅದನ್ನು ಸೂಜಿಯಿಂದ ಕೆರೆಯದೆ ಒದ್ದೆ ಮಾಡಿದ ಹತ್ತಿಯಿಂದ ಮೆಲ್ಲನೆ ಬಿಡಿಸಬೇಕು. ಬೆಳಗಲೇಬೇಕಾದ ಸಂದರ್ಭದಲ್ಲಿ ನುಣ್ಣನೆಯ ಸೀಮೆಸುಣ್ಣದ ಪುಡಿಯನ್ನು ನೀರಿನಲ್ಲಿ ಕಲಸಿ ಹಗುರವಾಗಿ, ವರ್ಷಕ್ಕೆ ಒಂದೆರಡು ಸಲ ಹಚ್ಚಿದರೆ ಸಾಕು. ರಂಗೋಲಿಪುಡಿ ಬೇಡವೇ ಬೇಡ. ಇನ್ನೊಂದು ಎಚ್ಚರಿಕೆ ದೀಪಾವಳಿಗೆ. ಪಟಾಕಿಯ ಮದ್ದಿನಲ್ಲಿ ಗಂಧಕವಿದೆ. ಬೆಳ್ಳಿಯನ್ನೆಲ್ಲ ಬೆಳಗಿ ಜೋಡಿಸಿಟ್ಟು, ಬಾಗಿಲು ತೆರೆದು, ಜಗಲಿಯಲ್ಲೇ ಪಟಾಕಿ ಸುಟ್ಟರೆ ಬೆಳಗ್ಗೆ ಪಟ್ಟ ಶ್ರಮ ಸಂಜೆಗೇ ಕಂದುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಹೆಸರೋ ತೇದಿಯೋ ಕೆತ್ತಿರುವ ಜಾಗವನ್ನು ಉಜ್ಜದೆ ಬಿಡಬೇಕು. ಈಗ ಓದಲು ಬರುವ ಅಕ್ಷರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು, ಭಾವಚಿತ್ರ ತೆಗೆದಿಡುವುದು ಇನ್ನೂ ಒಳ್ಳೆಯದು. ಕಪ್ಪಾದ ಅಕ್ಷರವನ್ನು ಬೇಕಾದಾಗ ಬೆಳ್ಳಗೆ ಮಾಡಿಕೊಳ್ಳಬಹುದು. ಸವೆದ ಅಕ್ಷರವನ್ನು ಯಾವ ಪ್ರಯೋಗಶಾಲೆಯೂ ಮರಳಿ ಬರೆಯಲಾರದು.

ನಮ್ಮ ಅಜ್ಜಿಯನ್ನು ನಾನು ಒಮ್ಮೆ ಆ ಹೆಸರು ಏನಿತ್ತೆಂದು ಕೇಳಿದ್ದೆ. ಅವರು ಕೈಯಲ್ಲಿದ್ದ ವಿಭೂತಿಯ ಬಟ್ಟೆಯನ್ನು ಹಾಗೇ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು. ಮೊದಲನೆಯ ಅಕ್ಷರ ‘ವೆಂ’ ಎಂದಿತ್ತು, ಮುಂದಿನದು ನೆನಪಾಗದು ಎಂದರು. ಆಮೇಲೆ ಆ ನುಣ್ಣನೆಯ ಜಾಗವನ್ನು ಬಿಟ್ಟು ಬೇರೆ ಕಡೆ ಒರಸತೊಡಗಿದರು.